ಮೂರು ಪಾಯಿಂಟಾ, ಮಿಡ್‌ರೇಂಜಾ? ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಿಗ್ಗೆ ಬ್ಯಾಸ್ಕೆಟ್‌ಬಾಲ್ ಆಡಿ ಮುಗಿಸಿ, ಕೋರ್ಟ್ ಪಕ್ಕದ ಗಾಡಿಯಲ್ಲಿ ಟೀ ಕುಡಿಯುವಾಗ ನಮ್ಮಲ್ಲಿ ಪ್ರತಿ ವಾರ ಇದೇ ಜಗಳ: ದೂರದಿಂದ ಮೂರು ಪಾಯಿಂಟಿಗೆ ಹೊಡೆಯೋದು ಒಳ್ಳೆಯದಾ, ಸ್ವಲ್ಪ ಒಳಗೆ ಬಂದು ಎರಡಕ್ಕಾ? ಒಬ್ಬ, ಎಲ್ಲರೂ ಮೂರು ಪಾಯಿಂಟಿಗೆ ಹೆಸರಾದ ಸ್ಟೆಫ್ ಕರ್ರಿ ಆಗೋಕೆ ಹೋಗಿ ಆಟ ಹಾಳು ಮಾಡಿದ್ರು ಅಂತಾನೆ. ಇನ್ನೊಬ್ಬ ಮೊಬೈಲ್ ತೆಗೆದು ಲೆಕ್ಕ ತೋರಿಸ್ತಾನೆ. ಹೊಸದಾಗಿ ಬಂದ ಹುಡುಗರು ಇಬ್ಬರ ಮುಖವನ್ನೂ ನೋಡ್ತಾ ನಿಲ್ಲುತ್ತಾರೆ. ಅವರು ಕೇಳಿದ, ನಾನು ಹತ್ತಾರು ಸಲ ಉತ್ತರ ಕೊಟ್ಟ ಪ್ರಶ್ನೆಗಳನ್ನೆಲ್ಲ ಇಲ್ಲಿ ಹಾಕಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಅಮೆರಿಕದ ದೊಡ್ಡ ಲೀಗ್ ಎನ್‌ಬಿಎಯವು, ಯಾಕಂದ್ರೆ ಈ ಲೆಕ್ಕಾಚಾರ ಜಾಸ್ತಿ ನಡೆದದ್ದು ಅಲ್ಲೇ.

ಮೊದಲು ಲೆಕ್ಕ ಹೇಳಿ. ಮೂರೇ ಒಳ್ಳೆಯದು ಅನ್ನೋದು ಯಾಕೆ?

ಎನ್‌ಬಿಎಯಲ್ಲಿ ಮೂರು ಪಾಯಿಂಟಿನ ಶಾಟ್ ಸುಮಾರು ನೂರಕ್ಕೆ 36 ಬೀಳುತ್ತದೆ. ಮೂರು ಪಾಯಿಂಟ್ ಗೆರೆಯ ಸ್ವಲ್ಪ ಒಳಗಿನಿಂದ ಹೊಡೆಯುವ ದೂರದ ಎರಡು ಪಾಯಿಂಟ್ ನೂರಕ್ಕೆ ಸುಮಾರು 40. ಮೊದಲನೆಯದರಲ್ಲಿ 36 ಸಲ ಮೂರು, ಅಂದ್ರೆ 108 ಪಾಯಿಂಟ್. ಎರಡನೆಯದರಲ್ಲಿ 40 ಸಲ ಎರಡು, 80 ಪಾಯಿಂಟ್. ನೂರು ಶಾಟಿಗೆ 28 ಪಾಯಿಂಟ್ ವ್ಯತ್ಯಾಸ! ಒಂದೆರಡು ಹೆಜ್ಜೆ ಮುಂದೆ ಬಂದಿದ್ದಕ್ಕೆ ಸಿಕ್ಕಿದ್ದು ನೂರಕ್ಕೆ ನಾಲ್ಕು ಬಾಸ್ಕೆಟ್ ಜಾಸ್ತಿ, ಕಳೆದುಕೊಂಡಿದ್ದು ಪ್ರತಿ ಬಾಸ್ಕೆಟಿಗೂ ಒಂದೊಂದು ಪಾಯಿಂಟ್. ಇಷ್ಟೇ ವಿಷಯ. ಇದಕ್ಕೆ ಕಂಪ್ಯೂಟರೂ ಬೇಡ, ಎಂಬಿಎನೂ ಬೇಡ.

ರಿಂಗ್ ಹತ್ತಿರದ ಲೇಅಪ್, ಡಂಕ್ ಇದಕ್ಕಿಂತಲೂ ಲಾಭ. ಫೌಲ್ ಆದಾಗ ಸಿಗುವ, ತಲಾ ಒಂದು ಪಾಯಿಂಟಿನ ಫ್ರೀ ಥ್ರೋ ಇನ್ನೂ ಲಾಭ: ನೂರಕ್ಕೆ 78ರ ಆಸುಪಾಸು ಬೀಳುವಾಗ ಎರಡು ಸಿಕ್ಕರೆ ಒಂದೂವರೆ ಪಾಯಿಂಟ್ ಕೈಗೆ ಬಂದ ಹಾಗೆ. ಆದ್ದರಿಂದ ಲೆಕ್ಕದವರು ಹೇಳೋದು 'ಬರೀ ಮೂರು ಹೊಡಿ' ಅಂತ ಅಲ್ಲ. 'ರಿಂಗಿಗೆ ನುಗ್ಗು, ಇಲ್ಲಾ ಗೆರೆ ಹೊರಗೆ ನಿಲ್ಲು, ನಡುವೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ನಿಲ್ಲಬೇಡ' ಅಂತ.

ಮಿಡ್‌ರೇಂಜ್ ಅಂದ್ರೆ ಎಲ್ಲಿಂದ ಎಲ್ಲಿಯವರೆಗೆ?

ರಿಂಗ್ ಮುಂದೆ ಬಣ್ಣ ಬಳಿದ ಚೌಕ ಇದೆಯಲ್ಲ, ಅದರ ಹೊರಗೆ, ಮೂರು ಪಾಯಿಂಟ್ ಗೆರೆಯ ಒಳಗೆ. ಫ್ರೀ ಥ್ರೋ ಗೆರೆಯ ಎರಡು ತುದಿಗಳು, ಬೋರ್ಡಿಗೆ ಬಡಿದು ಹಾಕುವ ಓರೆ ಕೋನ, ಎಲ್ಲಾ ಇದರಲ್ಲೇ ಬರುತ್ತವೆ. ಟಿಮ್ ಡಂಕನ್ ಆ ಓರೆ ಕೋನದಿಂದಲೇ ಬೋರ್ಡಿಗೆ ಮೆಲ್ಲಗೆ ತಾಗಿಸಿ ಹಾಕ್ತಾ ಹಾಕ್ತಾ ಐದು ಚಾಂಪಿಯನ್‌ಶಿಪ್ ಗೆದ್ದ.

ಈ ಮೂರು ಪಾಯಿಂಟ್ ಗೆರೆ ಯಾವಾಗ ಬಂತು? ಬಂದ ಕೂಡಲೇ ಎಲ್ಲರೂ ಹೊಡೆಯೋಕೆ ಶುರು ಮಾಡಿದ್ರಾ?

ಎನ್‌ಬಿಎಗೆ ಬಂದದ್ದು 1979-80ರ ಸೀಸನ್‌ನಲ್ಲಿ. ಅದಕ್ಕೆ ಮೊದಲೇ ಎದುರಾಳಿ ಲೀಗ್ ಎಬಿಎ 1967ರಿಂದ ಆಡಿಸ್ತಾ ಇತ್ತು. ಎನ್‌ಬಿಎಯ ಮೊದಲ ಮೂರು ಪಾಯಿಂಟ್ ಬಾಸ್ಟನ್ ಸೆಲ್ಟಿಕ್ಸ್‌ನ ಕ್ರಿಸ್ ಫೋರ್ಡ್ ಹೆಸರಲ್ಲಿದೆ, 1979ರ ಅಕ್ಟೋಬರ್ 12. ಆದ್ರೆ ಯಾರೂ ಅದನ್ನ ದೊಡ್ಡದು ಮಾಡಲಿಲ್ಲ. ಆ ವರ್ಷ ಒಂದು ತಂಡ ಒಂದು ಪಂದ್ಯಕ್ಕೆ ಹೊಡೆದದ್ದು ಸರಾಸರಿ 3 ಕೂಡ ಇಲ್ಲ, 2.8. ಊಟದ ಎಲೆಯ ತುದಿಯ ಉಪ್ಪಿನಕಾಯಿ ಇದ್ದ ಹಾಗೆ. ಗಡಿಯಾರ ಮುಗೀತಾ ಬಂದಾಗ, ಸೋಲ್ತಾ ಇರುವಾಗ, ಹೊಡೆದು ನೋಡೋಣ ಅಂತ ಒಂದು.

2024-25ರಲ್ಲಿ ಅದೇ ಸರಾಸರಿ 37 ದಾಟಿತ್ತು. ಅದೇ ಗೆರೆ, ಅದೇ ರಿಂಗ್, ಅದೇ ಎತ್ತರ. ಇಷ್ಟು ಸರಳ ಗುಣಾಕಾರ ಮಾಡೋಕೆ ಮೂವತ್ತು ಚಿಲ್ಲರೆ ವರ್ಷ ಯಾಕೆ ಬೇಕಾಯ್ತು ಅಂತ ನನಗೆ ಈಗಲೂ ನಗು ಬರುತ್ತೆ. ಕಾರಣ ಇದೆ. ಆಗಿನ ಆಟಗಾರರು ಆ ಶಾಟ್ ಕಲಿತೇ ಇರಲಿಲ್ಲ. ಮೊದಲ ವರ್ಷ ನೂರಕ್ಕೆ 28ರಷ್ಟೇ ಬಿದ್ದದ್ದು, ಅಂದ್ರೆ ಶಾಟಿಗೆ 0.84 ಪಾಯಿಂಟ್. ಆ ಲೆಕ್ಕದಲ್ಲಿ ಹೊಡೆಯದೇ ಇದ್ದದ್ದೇ ಸರಿ ಅಲ್ವಾ? ಕೋಚ್‌ಗಳು ದಡ್ಡರಾಗಿರಲಿಲ್ಲ. ಚಿಕ್ಕಂದಿನಿಂದ ಆ ಗೆರೆ ನೋಡಿಕೊಂಡೇ ಬೆಳೆದ ತಲೆಮಾರು ಬರಬೇಕಿತ್ತು.

ನಡುವೆ ಒಂದು ತಮಾಷೆಯೂ ನಡೀತು. ಪಾಯಿಂಟ್ ಕಡಿಮೆ ಬರ್ತಿದೆ ಅಂತ 1994ರಿಂದ ಮೂರು ಸೀಸನ್ ಎನ್‌ಬಿಎ ಗೆರೆಯನ್ನು ಎಲ್ಲಾ ಕಡೆ 22 ಅಡಿಗೆ ಎಳೆದುಕೊಂಡಿತು, ಆಮೇಲೆ ವಾಪಸ್ ಹಿಂದಕ್ಕೆ ಹಾಕಿತು.

ಹಾಗಾದ್ರೆ ಇದೆಲ್ಲಾ ಶುರು ಮಾಡಿದ್ದು ಸ್ಟೆಫ್ ಕರ್ರಿನಾ?

ಒಬ್ಬನೇ ಅಲ್ಲ. ಕೋಚ್ ಮೈಕ್ ಡ್ಯಾಂಟೋನಿಯ ಫೀನಿಕ್ಸ್ ಸನ್ಸ್ 2004-05ರಲ್ಲೇ ಓಡಿ ಓಡಿ ಹೊಡೆದು 62 ಪಂದ್ಯ ಗೆದ್ದಿತ್ತು. ನಿಯಮವೂ ಬದಲಾಗಿತ್ತು. 2001ರಲ್ಲಿ ಜೋನ್ ಡಿಫೆನ್ಸ್‌ಗೆ, ಅಂದ್ರೆ ಒಬ್ಬೊಬ್ಬ ಆಟಗಾರನನ್ನು ಕಾಯೋ ಬದಲು ಜಾಗ ಕಾಯೋದಕ್ಕೆ, ಅವಕಾಶ ಸಿಕ್ಕಿತು, ಆಮೇಲೆ ರಿಂಗ್ ಹತ್ತಿರ ಒಬ್ಬನಿಗೆ ಚೆಂಡು ಕೊಟ್ಟು ಉಳಿದವರು ನೋಡುತ್ತಾ ನಿಲ್ಲುವ ಆಟ ಕಷ್ಟವಾಯಿತು. 2004ರಿಂದ ಡಿಫೆಂಡರ್ ಕೈ ಇಟ್ಟು ತಡೆಯೋದಕ್ಕೆ ಬಿಗಿ ಬಂತು, ಹೊರಗಿನಿಂದ ಆಡುವವರಿಗೆ ಉಸಿರಾಡೋಕೆ ಜಾಗ ಸಿಕ್ಕಿತು.

ಆದ್ರೆ ಲೆಕ್ಕವನ್ನು ಕಣ್ಣಿಗೆ ಕಾಣೋ ಹಾಗೆ ಮಾಡಿದ್ದು ಮಾತ್ರ ಕರ್ರಿಯೇ. 2014-15ರಲ್ಲಿ 286 ತ್ರೀ (ಮೂರು ಪಾಯಿಂಟಿನ ಶಾಟ್) ಹಾಕಿ ತನ್ನದೇ ದಾಖಲೆ ಮುರಿದ. ಮರುವರ್ಷ ಎಷ್ಟು ಹಾಕಿದ ಗೊತ್ತಾ? 402. ಅದೂ ನೂರಕ್ಕೆ 45ರ ಲೆಕ್ಕದಲ್ಲಿ. ಆ ಸೀಸನ್‌ನ ಫೆಬ್ರವರಿಯಲ್ಲಿ ಒಕ್ಲಹೋಮಾ ಸಿಟಿಯಲ್ಲಿ ಓವರ್‌ಟೈಮ್ ಮುಗೀತಾ ಬಂದಾಗ, ಮಧ್ಯದ ಗೆರೆ ದಾಟಿದವನೇ ಸುಮಾರು 11 ಮೀಟರ್ ದೂರದಿಂದ ಎತ್ತಿಬಿಟ್ಟ. ಡಿಫೆಂಡರ್ ಇನ್ನೂ ಹಿಂದಕ್ಕೆ ಓಡ್ತಾ ಇದ್ದ. ಅಲ್ಲಿಂದ ಹೊಡೀತಾನೆ ಅಂತ ಅವನಿಗಾದರೂ ಹೇಗೆ ಗೊತ್ತಾಗಬೇಕು ಪಾಪ. ಅದು ಆ ರಾತ್ರಿಯ ಹನ್ನೆರಡನೇ ತ್ರೀ, ಪಂದ್ಯ ಗೆಲ್ಲಿಸಿದ್ದೂ ಅದೇ.

ಅಂಥವನೊಬ್ಬ ಇದ್ದರೆ ಡಿಫೆಂಡರ್‌ಗಳು ಮಧ್ಯದ ಗೆರೆಯ ಹತ್ತಿರಕ್ಕೇ ಬಂದು ಹಿಡಿಯಬೇಕು. ಆಗ ರಿಂಗ್ ಮುಂದೆ ಖಾಲಿ. ಉಳಿದ ನಾಲ್ವರಿಗೆ ಹಬ್ಬ. ಮೂರು ಪಾಯಿಂಟಿನ ಅರ್ಧ ಬೆಲೆ ಹೀಗೆ ಹೊಡೆಯದೇ ಸಿಗುವಂಥದ್ದು, ಸ್ಕೋರ್‌ಶೀಟಿನಲ್ಲಿ ಎಲ್ಲೂ ಕಾಣೋದಿಲ್ಲ.

ಮೂಲೆಯಲ್ಲಿ ಒಬ್ಬ ಸುಮ್ನೆ ನಿಂತಿರ್ತಾನಲ್ಲ, ಅವನಿಗೇನು ಕೆಲಸ?

ಸುಮ್ನೆ ನಿಲ್ಲೋದೇ ಕೆಲಸ! ಎನ್‌ಬಿಎಯ ಗೆರೆ ನೆಟ್ಟಗೆ ಎದುರಿನಲ್ಲಿ 23 ಅಡಿ 9 ಇಂಚು, ಮೂಲೆಯಲ್ಲಿ 22 ಅಡಿ. ಅಂದ್ರೆ ಮೂಲೆಯಲ್ಲಿ ಅರ್ಧ ಮೀಟರ್‌ಗಿಂತ ಜಾಸ್ತಿ ರಿಯಾಯಿತಿ, ಪಾಯಿಂಟ್ ಮಾತ್ರ ಮೂರೇ. ಅಲ್ಲಿ ಗೆರೆಗೂ ಸೈಡ್‌ಲೈನಿಗೂ ನಡುವೆ ಇರುವುದು ಮೂರೇ ಅಡಿ, ದೊಡ್ಡ ಪಾದದವರು ಎಚ್ಚರ ತಪ್ಪಿದರೆ ಹೊರಗೆ ಕಾಲಿಟ್ಟಿರುತ್ತಾರೆ. 2013ರ ಫೈನಲ್ಸ್‌ನ ಆರನೇ ಪಂದ್ಯದಲ್ಲಿ ರೇ ಅಲೆನ್ ಹಿಂದಕ್ಕೆ ಹೆಜ್ಜೆ ಹಾಕುತ್ತಾ ಹಾಕುತ್ತಾ, ಕೆಳಗೆ ನೋಡದೇ, ಇದೇ ಕಿರಿದಾದ ಜಾಗಕ್ಕೆ ಹೋಗಿ ನಿಂತು ಹೊಡೆದ. ಗಡಿಯಾರದಲ್ಲಿ ಉಳಿದದ್ದು 5.2 ಸೆಕೆಂಡ್. ಅವನ ತಂಡ ಮಯಾಮಿ ಹೀಟ್ ಬಚಾವಾಯಿತು, ಏಳನೆಯದನ್ನೂ ಗೆದ್ದಿತು.

ಇದು ಟಿ20ಯ ಸಿಕ್ಸರ್ ಇದ್ದ ಹಾಗೆ ಅಲ್ವಾ?

ಎಲ್ಲರೂ ಹೇಳುವ ಹೋಲಿಕೆ, ನನಗೆ ಅಷ್ಟು ಸರಿ ಅನಿಸೋದಿಲ್ಲ. ಸಿಕ್ಸರ್ ಎತ್ತಲು ಹೋಗಿ ಕ್ಯಾಚ್ ಕೊಟ್ಟರೆ ವಿಕೆಟ್ ಹೋಯ್ತು. ಒಂದು ರನ್ ತಗೊಳ್ಳೋಕೆ ಹೋದರೆ ಅಷ್ಟು ಅಪಾಯ ಇಲ್ಲ. ಬ್ಯಾಸ್ಕೆಟ್‌ಬಾಲ್‌ನಲ್ಲಿ ತಪ್ಪಿದ ತ್ರೀಗೂ ತಪ್ಪಿದ ಮಿಡ್‌ರೇಂಜಿಗೂ ದಂಡ ಒಂದೇ, ಸರದಿ ಹೋಗುತ್ತೆ ಅಷ್ಟೆ. ಬಿದ್ದರೆ ಸಿಗುವುದು ಮಾತ್ರ ಬೇರೆ ಬೇರೆ.

ಸರಿ, ಬೀಳದ ದಿನ ಏನು ಗತಿ?

ಈ ಪ್ರಶ್ನೆ ನನಗಿಷ್ಟ, ಯಾಕಂದ್ರೆ ಲೆಕ್ಕದವರು ಇಲ್ಲಿ ಸ್ವಲ್ಪ ತಡವರಿಸ್ತಾರೆ.

2017-18ರ ಹ್ಯೂಸ್ಟನ್ ರಾಕೆಟ್ಸ್ ನೋಡಿ. ಮ್ಯಾನೇಜರ್ ಡ್ಯಾರಿಲ್ ಮೋರಿ ಲೆಕ್ಕವನ್ನೇ ಉಸಿರಾಡುವ ಮನುಷ್ಯ. ಕೋಚ್ ಅದೇ ಡ್ಯಾಂಟೋನಿ, ಚೆಂಡು ಜೇಮ್ಸ್ ಹಾರ್ಡನ್ ಕೈಯಲ್ಲಿ. ಎರಡು ಪಾಯಿಂಟಿನ ಶಾಟ್‌ಗಿಂತ ಮೂರರ ಶಾಟ್ ಜಾಸ್ತಿ ಹೊಡೆದ ಮೊದಲ ತಂಡ ಅದು. 65 ಪಂದ್ಯ ಗೆದ್ದರು. ಪಶ್ಚಿಮ ವಿಭಾಗದ ಫೈನಲ್‌ನಲ್ಲಿ ಕರ್ರಿಯ ತಂಡ ವಾರಿಯರ್ಸ್ ವಿರುದ್ಧ ಏಳನೇ ಪಂದ್ಯ, ಸ್ವಂತ ಊರಿನಲ್ಲೇ. ಅವತ್ತು ಒಂದಾದ ಮೇಲೊಂದರಂತೆ 27 ತ್ರೀ ತಪ್ಪಿದವು. ಸಾಲಾಗಿ 27! ಒಟ್ಟು 44 ಹೊಡೆದು 7 ಹಾಕಿದರು, 101-92ರಲ್ಲಿ ಸೋತರು. ಬೆಳಿಗ್ಗೆ ಎದ್ದು ನೋಡ್ತಾ ಇದ್ದ ನಾನು ಹದಿನೈದನೆಯದು ತಪ್ಪಿದ ಮೇಲೆ ಹಲ್ಲುಜ್ಜೋಕೆ ಹೋದೆ, ಬಂದಾಗಲೂ ತಪ್ತಾನೇ ಇತ್ತು.

ಇನ್ನೊಂದು 2025ರ ಮೇ ತಿಂಗಳದ್ದು. ಬಾಸ್ಟನ್ ಸೆಲ್ಟಿಕ್ಸ್ ಹಿಂದಿನ ವರ್ಷ ಇದೇ ಆಟ ಆಡಿ ಚಾಂಪಿಯನ್ ಆಗಿತ್ತು. ಪ್ಲೇಆಫ್‌ನಲ್ಲಿ ನ್ಯೂಯಾರ್ಕ್ ನಿಕ್ಸ್ ವಿರುದ್ಧ ಮೊದಲ ಪಂದ್ಯದಲ್ಲಿ 20 ಪಾಯಿಂಟ್ ಮುಂದಿದ್ದರು. ಹೊಡೆದದ್ದು 60 ತ್ರೀ, ತಪ್ಪಿದ್ದು 45, ಓವರ್‌ಟೈಮಿನಲ್ಲಿ 108-105ಕ್ಕೆ ಸೋಲು. ಪ್ಲೇಆಫ್‌ನಲ್ಲಿ ಒಂದು ತಂಡ ಒಂದು ಪಂದ್ಯದಲ್ಲಿ ಅಷ್ಟು ತ್ರೀ ಎಂದೂ ತಪ್ಪಿಸಿರಲಿಲ್ಲ.

ಹಾಗಂತ ಲೆಕ್ಕ ಸುಳ್ಳಾ? ಅಲ್ಲ. ಅದೇ ಆಟ ಹ್ಯೂಸ್ಟನ್‌ಗೆ 65 ಗೆಲುವು ಕೊಟ್ಟಿತ್ತು, ಅದೇ ಬಾಸ್ಟನ್‌ಗೆ ಕಪ್ ಕೊಟ್ಟಿತ್ತು. ಆ ಏಳನೇ ಪಂದ್ಯದಲ್ಲಿ ಹ್ಯೂಸ್ಟನ್‌ನ ಕ್ರಿಸ್ ಪಾಲ್ ಗಾಯವಾಗಿ ಹೊರಗೆ ಕೂತಿದ್ದ ಅನ್ನೋದನ್ನೂ ಮರೆಯಬಾರದು, ಮಿಡ್‌ರೇಂಜ್‌ನಲ್ಲಿ ಅವನಷ್ಟು ಪಳಗಿದವರು ಕಡಿಮೆ. ಸರಾಸರಿ ಅನ್ನೋದು ಇಡೀ ಸೀಸನ್‌ನ 82 ಪಂದ್ಯಗಳ ಮಾತು. ಒಂದು ರಾತ್ರಿಗೆ ಅದು ಯಾವ ಗ್ಯಾರಂಟಿಯನ್ನೂ ಕೊಟ್ಟಿಲ್ಲ. ಮೂರು ತಪ್ಪಿದ ಮೇಲೆ ನಾಲ್ಕನೆಯದಕ್ಕೆ ಬೇರೆ ದಾರಿ ಗೊತ್ತಿರೋ ಒಬ್ಬನಾದರೂ ತಂಡದಲ್ಲಿ ಇರಬೇಕು.

ಮಿಡ್‌ರೇಂಜ್ ಸತ್ತೇ ಹೋಯ್ತು ಅಂತಾರಲ್ಲ?

ಸತ್ತಿಲ್ಲ. ಎಲ್ಲರ ಕೈಯಿಂದ ಕಿತ್ತುಕೊಂಡು ಕೆಲವರಿಗೆ ಮಾತ್ರ ಕೊಟ್ಟಿದ್ದಾರೆ. ಮೊದಲು ತಂಡದ ಎಂಟನೇ ಆಟಗಾರನೂ 18 ಅಡಿಯಿಂದ ಹೊಡೀತಿದ್ದ. ಈಗ ಅವನು ಹಾಗೆ ಹೊಡೆದರೆ ಕೋಚ್ ಮುಖ ಗಂಟು ಹಾಕುತ್ತಾರೆ. ಆದ್ರೆ ಕೆವಿನ್ ಡುರಾಂಟ್, ಡೆಮಾರ್ ಡಿರೋಜನ್, ಡೆವಿನ್ ಬುಕರ್ ಹೊಡೆದರೆ ಯಾರೂ ಏನೂ ಅನ್ನೋದಿಲ್ಲ. 2024-25ರಲ್ಲಿ ಶೇ ಗಿಲ್ಜಸ್-ಅಲೆಕ್ಸಾಂಡರ್ ಪಂದ್ಯಕ್ಕೆ 32.7 ಪಾಯಿಂಟ್ ಹಾಕಿ ಎಂವಿಪಿ (ವರ್ಷದ ಶ್ರೇಷ್ಠ ಆಟಗಾರ) ಆದ, ಒಕ್ಲಹೋಮಾಕ್ಕೆ ಕಪ್ಪೂ ತಂದ. ಅವನ ಶಾಟ್‌ಗಳಲ್ಲಿ ಹೆಚ್ಚಿನವು ಎರಡು ಪಾಯಿಂಟಿನವೇ. ನುಗ್ಗೋದು, ಗಕ್ಕನೆ ನಿಲ್ಲೋದು, ಡಿಫೆಂಡರ್ ಜಾರಿ ಮುಂದೆ ಹೋಗ್ತಿದ್ದಂತೆ ಮೆಲ್ಲಗೆ ಎತ್ತಿ ಹಾಕೋದು.

ಈಗ ನೀವು ಕೇಳಬಹುದು, ಇಂಥವರೂ ನೂರಕ್ಕೆ 50 ಹಾಕಿದರೆ ಶಾಟಿಗೆ ಒಂದೇ ಪಾಯಿಂಟ್, ಸಾಧಾರಣ ತ್ರೀಯ 1.08ಕ್ಕಿಂತ ಕಡಿಮೆ ಅಲ್ವಾ ಅಂತ. ಹೌದು. ಆದ್ರೆ ಆ ಹೋಲಿಕೆಯೇ ತಪ್ಪು. ಯಾರೂ ತಡೆಯದೆ ಸಿಕ್ಕ ತ್ರೀಯನ್ನು ಬಿಟ್ಟು ಯಾವನೂ ಮಿಡ್‌ರೇಂಜಿಗೆ ಬರೋದಿಲ್ಲ. ಶಾಟ್ ಹೊಡೆಯೋಕೆ ಕೊಡುವ 24 ಸೆಕೆಂಡಿನ ಗಡಿಯಾರದಲ್ಲಿ 20 ಮುಗಿದಿದೆ, ಪಾಸ್ ಮಾಡೋಕೆ ದಾರಿ ಇಲ್ಲ, ಹೊರಗೆ ಎಲ್ಲರ ಮೈಗೂ ಡಿಫೆಂಡರ್ ಅಂಟಿಕೊಂಡಿದ್ದಾನೆ, ರಿಂಗ್ ಮುಂದೆ ಏಳಡಿ ಮನುಷ್ಯ ಕೈ ಎತ್ತಿ ನಿಂತಿದ್ದಾನೆ. ಉಳಿದದ್ದು ನಡುವಿನ ಆ ಜಾಗ ಒಂದೇ. ಅಲ್ಲಿ ಶಾಟಿಗೆ ಒಂದು ಪಾಯಿಂಟ್ ತರುವವನು ಚಿನ್ನ, ಯಾಕಂದ್ರೆ ಅವನಿಲ್ಲದಿದ್ದರೆ ಸಿಗೋದು ಅರ್ಧಂಬರ್ಧ ಶಾಟ್, ಇಲ್ಲಾ ಚೆಂಡೇ ಎದುರಾಳಿಗೆ.

ಪ್ಲೇಆಫ್‌ನಲ್ಲಿ ಇದು ಜಾಸ್ತಿ ಕಾಣುತ್ತೆ. ಒಂದೇ ತಂಡದ ಜೊತೆ ಏಳು ಪಂದ್ಯ ಆಡುವಾಗ ನಿಮ್ಮ ಇಷ್ಟದ ಶಾಟ್‌ಗಳೆಲ್ಲ ಎದುರಾಳಿಗೆ ಬಾಯಿಪಾಠ. ರಿಂಗೂ ಮುಚ್ಚುತ್ತಾರೆ, ಗೆರೆಯನ್ನೂ ಮುಚ್ಚುತ್ತಾರೆ. ನಡುವಿನದನ್ನು ಬೇಕಂತಲೇ ಬಿಡುತ್ತಾರೆ, ಹೊಡ್ಕೋ ಹೋಗು ಅಂತ. ಹಾಕೋಕೆ ಬಂದವನು ಗೆಲ್ತಾನೆ. ಜೋರ್ಡನ್ 1998ರಲ್ಲಿ ಯೂಟಾ ವಿರುದ್ಧ ಹಾಕಿದ ಆ ಶಾಟ್ ನೆನಪಿರಬೇಕಲ್ಲ, 5.2 ಸೆಕೆಂಡ್ ಉಳಿಸಿ 87-86 ಮಾಡಿದ್ದು? ಅದೂ ಗೆರೆಯ ಒಳಗಿನದೇ.

ಯಾವ ಕಾರಣಕ್ಕೂ ಹೊಡೆಯಬಾರದ ಶಾಟ್ ಯಾವುದು?

ಗೆರೆ ಮೇಲೆ ಕಾಲಿಟ್ಟು ಹೊಡೆಯೋದು. ಮೂರರಷ್ಟೇ ದೂರ, ಸಿಗೋದು ಎರಡು.

ಇದರ ಬೆಲೆ ಡುರಾಂಟ್‌ನ ಕೇಳಬೇಕು. 2021ರ ಜೂನ್ 19, ಬ್ರೂಕ್ಲಿನ್ ಮತ್ತು ಮಿಲ್ವಾಕಿ, ಏಳನೇ ಪಂದ್ಯ. ಬ್ರೂಕ್ಲಿನ್ 107, ಮಿಲ್ವಾಕಿ 109. ಬ್ರೂಕ್ಲಿನ್ ಪರ ಆಡ್ತಿದ್ದ ಡುರಾಂಟ್ ಬೆನ್ನು ಹಾಕಿ ನಿಂತು, ಗಿರಕ್ಕನೆ ತಿರುಗಿ, ಪಿ.ಜೆ. ಟಕರ್ ಕೈ ಮೇಲಿಂದ ಎತ್ತಿದ. ಬಿತ್ತು. ಉಳಿದದ್ದು ಒಂದು ಸೆಕೆಂಡ್. ಇಡೀ ಸ್ಟೇಡಿಯಂ ಎದ್ದು ನಿಂತಿತು, ಗೆದ್ದೆವು ಅಂತ. ಆಮೇಲೆ ರಿಪ್ಲೇಯಲ್ಲಿ ಶೂ ತುದಿ ಹತ್ತಿರದಿಂದ ತೋರಿಸಿದರು. ಬೆರಳಿನಷ್ಟು ಗೆರೆ ತುಳಿದಿತ್ತು. ಅವನ ಶೂ ಅಳತೆ 18, ಅದನ್ನೇನು ಕತ್ತರಿಸಿಕೊಳ್ಳೋಕಾಗುತ್ತಾ! 110ರ ಬದಲು 109-109, ಓವರ್‌ಟೈಮ್, 115-111ಕ್ಕೆ ಸೋಲು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನೋದು ಇದಕ್ಕೇ. ಮಿಲ್ವಾಕಿ ಆ ವರ್ಷ ಚಾಂಪಿಯನ್ ಆಯಿತು.

ಒಂದು ತಪ್ಪೊಪ್ಪಿಗೆ. ನಾನು ಕಣ್ಣು ಮಿಟುಕಿಸದೆ ನೋಡಿದ ಅತಿ ಚೆಂದದ ಶಾಟೂ ಇದೇ ಜಾತಿಯದು. 2019ರಲ್ಲಿ ಟೊರಾಂಟೊದ ಕವಾಯಿ ಲೆನರ್ಡ್ ಮೂಲೆಗೆ ಓಡಿಹೋಗಿ ಫಿಲಡೆಲ್ಫಿಯಾದ ಎಂಬೀಡ್ ತಲೆ ಮೇಲಿಂದ ಹಾಕಿದ ದೂರದ ಎರಡು ಪಾಯಿಂಟ್. ಚೆಂಡು ರಿಂಗ್ ಮೇಲೆ ನಾಲ್ಕು ಸಲ ಪುಟಿದು, ಬೀಳಲೋ ಬೇಡವೋ ಅಂತ ಯೋಚನೆ ಮಾಡಿ, ಒಳಗೆ ಬಿತ್ತು. 92-90. ಲೆಕ್ಕದ ಪ್ರಕಾರ ಕೆಟ್ಟ ಶಾಟ್. ಹೊಡೆದವನು ಕವಾಯಿ, ಬೇರೆ ದಾರಿ ಇರಲಿಲ್ಲ, ಸೋ ಸರಿ.

ಏಳಡಿ ಎತ್ತರದವರೂ ಯಾಕೆ ಹೊರಗೆ ನಿಂತು ಹೊಡೀತಾರೆ?

ಅವನು ಹೊರಗೆ ಬಂದರೆ ಅವನನ್ನು ಕಾಯುವ ಏಳಡಿಯವನೂ ರಿಂಗ್ ಬಿಟ್ಟು ಹೊರಗೆ ಬರಬೇಕು, ಅದಕ್ಕೆ. ಬ್ರೂಕ್ ಲೋಪೆಜ್ ಮೊದಲ ಎಂಟು ಸೀಸನ್ ಸೇರಿಸಿ ಹೊಡೆದದ್ದು 31 ತ್ರೀ, ಬಿದ್ದದ್ದು 3. ಒಂಬತ್ತನೇ ಸೀಸನ್‌ನಲ್ಲಿ, ಅಂದ್ರೆ 2016-17ರಲ್ಲಿ, 387 ಹೊಡೆದು 134 ಹಾಕಿದ. ಮೂವತ್ತರ ಹತ್ತಿರ ಬಂದವನು ಹೊಸ ವಿದ್ಯೆ ಕಲಿತು ಕೆಲಸ ಉಳಿಸಿಕೊಂಡ.

ಟಿವಿಯಲ್ಲಿ ತೋರಿಸುವ 'ಎಫೆಕ್ಟಿವ್ ಫೀಲ್ಡ್ ಗೋಲ್' ಅಂದ್ರೇನು?

ಮೂರು ಪಾಯಿಂಟಿನ ಬಾಸ್ಕೆಟನ್ನು ಒಂದೂವರೆ ಬಾಸ್ಕೆಟ್ ಅಂತ ಎಣಿಸೋದು. 20 ಹೊಡೆದು 8 ಬಿತ್ತು, ಅದರಲ್ಲಿ 4 ತ್ರೀ ಅಂದುಕೊಳ್ಳಿ. ಸಾದಾ ಲೆಕ್ಕದಲ್ಲಿ ನೂರಕ್ಕೆ 40. ಇದರಲ್ಲಿ 8ಕ್ಕೆ 2 ಸೇರಿಸಿ 10, ಅಂದ್ರೆ ನೂರಕ್ಕೆ 50.

ಎಲ್ಲಾ ತಂಡಗಳೂ ಒಂದೇ ಥರಾ ಆಡಿ ಬೋರ್ ಆಗಲ್ವಾ?

ಸ್ವಲ್ಪ ಆಗುತ್ತೆ, ಸುಳ್ಳು ಯಾಕೆ ಹೇಳಲಿ. ಎರಡು ಕೆಟ್ಟ ತಂಡಗಳು ಸೇರಿ 80 ತ್ರೀ ಎಸೆದು 55 ತಪ್ಪಿಸುವ ಪಂದ್ಯ ನೋಡೋದಕ್ಕಿಂತ ಬಟ್ಟೆ ಮಡಿಸೋದು ವಾಸಿ. ಆದ್ರೆ ಹಳೆಯ ಆಟ ಅಷ್ಟು ಚೆಂದ ಇತ್ತು ಅನ್ನೋರು ಹಳೆಯ ಪಂದ್ಯ ಪೂರ್ತಿ ಕೂತು ನೋಡಿಲ್ಲ, ಹೈಲೈಟ್ಸ್ ನೋಡಿದ್ದಾರೆ.

ನಮ್ಮ ಊರಿನ ಕೋರ್ಟ್‌ನಲ್ಲಿ ಈ ಲೆಕ್ಕ ನಡೆಯುತ್ತಾ?

ಮೊದಲು ಗೆರೆ ಅಳೆಯಿರಿ. ನಮ್ಮಲ್ಲಿ ನಡೆಯೋದು ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ನಿಯಮ. ಅದರ ಗೆರೆ 1984ರಲ್ಲಿ ಬಂದಾಗ 6.25 ಮೀಟರ್ ಇತ್ತು, 2010ರಿಂದ 6.75. ಕಂಠೀರವ ಒಳಾಂಗಣದಲ್ಲಿ 2017ರಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆದಾಗಲೂ ಅದೇ 6.75. ಎನ್‌ಬಿಎಯದು 7.24. ನಾನು ಆಡುವ ಸಿಮೆಂಟ್ ಕೋರ್ಟ್‌ನಲ್ಲಿ ಹಳೆಯ 6.25ರ ಗೆರೆ ಮಾಸಿ ಹೋಗಿ, ಅದರ ಹೊರಗೆ ಯಾರೋ ಹೊಸದಾಗಿ ಹಳದಿ ಗೆರೆ ಬಳಿದಿದ್ದಾರೆ. ಯಾವ ಗೆರೆ ಅಂತ ಮೊದಲೇ ಮಾತಾಡಿಕೊಳ್ಳದಿದ್ದರೆ ಕೊನೆಯ ಬಾಸ್ಕೆಟಿಗೆ ಜಗಳ ಗ್ಯಾರಂಟಿ.

ಆಮೇಲೆ ನಿಮ್ಮನ್ನು ನೀವು ಅಳೆಯಿರಿ. ಎನ್‌ಬಿಎಯ 36 ನಿಮ್ಮದಲ್ಲ. ಒಂದು ಬೆಳಿಗ್ಗೆ ನಾನು ಗೆರೆ ಹೊರಗಿನಿಂದ ನೂರು ಹೊಡೆದು, ಬಿದ್ದದ್ದಕ್ಕೆಲ್ಲ ಸೀಮೆಸುಣ್ಣದಲ್ಲಿ ಗೀಟು ಹಾಕ್ತಾ ಬಂದೆ. ಗೀಟುಗಳು ಮೂವತ್ತೂ ಆಗಲಿಲ್ಲ, ಅದೂ ಯಾರೂ ಅಡ್ಡ ಇಲ್ಲದೆ! ಎರಡನೇ ನೂರು ಫ್ರೀ ಥ್ರೋ ಗೆರೆಯ ಪಕ್ಕದಿಂದ, ಅದರಲ್ಲಿ ಅರ್ಧ ಬಿತ್ತು. ನನಗೆ ಮಿಡ್‌ರೇಂಜೇ ಲಾಭ. ಮೂರು ಪಾಯಿಂಟ್ ಹೊಡೆಯೋಕೆ ನನಗೆ ಆಸೆ ಇತ್ತು, ಹಕ್ಕು ಇರಲಿಲ್ಲ. ಸೂತ್ರ ಬೇಕಾದರೆ: ಹೊರಗಿನದು ಮೂರು ಬೀಳುವಷ್ಟರಲ್ಲಿ ಒಳಗಿನದು ನಾಲ್ಕೂವರೆ ಬಿದ್ದರೆ ಸಮ.

ತ್ರೀ ಬೈ ತ್ರೀಯಲ್ಲೂ ಹೀಗೇನಾ?

ಒಂದೊಂದು ಕಡೆ ಮೂವರಷ್ಟೇ ಆಡುವ ಆ ಆಟದಲ್ಲಿ ಹೊರಗಿನ ಶಾಟ್ ಇನ್ನೂ ದುಬಾರಿ ಮಾಲು. ಒಳಗಿಂದ 1, ಹೊರಗಿಂದ 2, ಅಂದ್ರೆ ಒಂದೂವರೆ ಪಟ್ಟಲ್ಲ, ಪೂರ್ತಿ ಎರಡು ಪಟ್ಟು. ಹೊರಗಿಂದ ನೂರಕ್ಕೆ 30 ಹಾಕುವವನು ಒಳಗಿಂದ 60 ಹಾಕುವವನಿಗೆ ಸಮ. ಗಡಿಯಾರ ಬರೀ 12 ಸೆಕೆಂಡ್, 21 ಪಾಯಿಂಟ್ ಮೊದಲು ಮುಟ್ಟಿದವರಿಗೆ ಗೆಲುವು. ಅಲ್ಲಿ ಮಿಡ್‌ರೇಂಜ್ ಹೊಡೆಯೋಕೆ ನಾನೂ ವಕಾಲತ್ತು ಮಾಡಲ್ಲ.

ಮಗ ಎಂಟು ವರ್ಷ. ಕರ್ರಿ ಥರಾನೇ ಹೊಡೀತೀನಿ ಅಂತಾನೆ. ಬಿಡಲಾ?

ಬೇಡ ಅನ್ನಬೇಡಿ, ಅಳ್ತಾನೆ. ಆದ್ರೆ ದಿನದ ಮೊದಲ ಐವತ್ತು ಶಾಟ್ ರಿಂಗಿನಿಂದ ಎರಡು ಹೆಜ್ಜೆ ದೂರದಲ್ಲಿ ಒಂದೇ ಕೈಯಲ್ಲಿ ಹೊಡೆಸಿ. ಆ ವಯಸ್ಸಿಗೆ ದೂರದಿಂದ ಎಸೆದರೆ ಬಲ ಸಾಲದೆ ಚೆಂಡನ್ನು ಸೊಂಟದಿಂದ, ಭುಜದಿಂದ ತಳ್ಳೋದು ಅಭ್ಯಾಸ ಆಗುತ್ತೆ, ಆಮೇಲೆ ಹದಿನೈದರಲ್ಲಿ ಅದನ್ನು ಬಿಡಿಸೋಕೆ ಕೋಚ್ ತಲೆ ಚಚ್ಚಿಕೊಳ್ಳಬೇಕು. ಐವತ್ತು ಮುಗಿದ ಮೇಲೆ ಐದು ತ್ರೀ ಅವನ ಇಷ್ಟ. ಬಿದ್ದರೆ ಕಿರುಚಲಿ.